ಕೂಸಿನ ಎಕ್ಸಿಮಾಕ್ಕ ಹಾಲು, ತತ್ತಿ, ಶೇಂಗಾ ಬಿಡಿಸಬೇಕೇನ್ರಿ?

ಹುಬ್ಬಳ್ಳಿಯಿಂದ ಕೇಳಿದ್ದು: ಮಗಗ 10 ತಿಂಗಳು. ಗಲ್ಲ, ಮೊಣಕೈ ಸಂದಿ ಕೆಂಪಾಗಿ ಒಡದಾವು, ರಾತ್ರಿಯಿಡೀ ಕೆರಕೋತಾನ. ಡಾಕ್ಟ್ರು ಎಕ್ಸಿಮಾ ಅಂದ್ರು. ಮನ್ಯಾಗಿನ ಹಿರಿಯರು ಹಾಲು, ತತ್ತಿ, ಶೇಂಗಾ ಎಲ್ಲಾ ನಂಜು, ಬಿಡಿಸು ಅಂತಾರ. ಬಿಡಿಸಿದವರು ಯಾರರ ಇದ್ರ ಹೇಳ್ರಿ.

ಧಾರವಾಡದಿಂದ: ನಾ ಬಿಡಿಸಿದಾಕಿ, ಅದಕ್ಕ ಬರೀತೇನಿ. ಮಗಳಿಗೆ ಒಂದು ವರ್ಷ ಇದ್ದಾಗ ರಕ್ತದ ಅಲರ್ಜಿ ಪರೀಕ್ಷೆ ಮಾಡಿಸಿದ್ವಿ. ಹಾಲು, ಗೋಧಿ, ಶೇಂಗಾ ಎಲ್ಲಾ ಪಾಸಿಟಿವ್. ನಾಲ್ಕು ತಿಂಗಳು ಅಕ್ಕಿ ಗಂಜಿ, ಹೆಸರಬ್ಯಾಳಿ ಮ್ಯಾಲ ಸಾಕಿದ್ವಿ. ತೂಕ ಏರೂದು ನಿಂತು ಹೋತು, ತುರಿಕಿ ಮಾತ್ರ ಇದ್ದಂಗ ಇತ್ತು. ಆಕಳ ಹಾಲಿನ ಬದ್ಲಿ ಆಡಿನ ಹಾಲು ಕುಡಿಸಿದ್ದೂ ದಂಡ; ಖರೇ ಅಲರ್ಜಿ ಇದ್ರ ಆಡಿಂದೂ ಎಮ್ಮಿದೂ ಬಹಳ ಮಕ್ಕಳಿಗೆ ಆಗೂದಿಲ್ಲಂತ, ಪ್ರೋಟೀನ್ ಹೆಚ್ಚುಕಡಿಮಿ ಒಂದೇ ನಮೂನಿ.

ಆಮ್ಯಾಲ ತೋರಿಸಿದ ಡಾಕ್ಟ್ರು ಕುಂಡ್ರಿಸಿ ತಿಳಿಸಿದ್ರು. ಎಕ್ಸಿಮಾ ಇದ್ದ ಕೂಸಿನ ರಕ್ತದಾಗ ಐಜಿಇ (ಅಲರ್ಜಿ ಪರೀಕ್ಷೆಯೊಳಗ ನೋಡೂ ಪ್ರತಿಕಾಯ) ಪಾಸಿಟಿವ್ ಬರೂದು ಸಾಮಾನ್ಯ. ಆ ಪದಾರ್ಥ ತಿಂದಾಗ ಏನೂ ಆಗಿಲ್ಲಂದ್ರ ಬರೇ ಆ ಕಾಗದ ನೋಡಿ ಬಿಡಿಸಬಾರದು. ಬಹಳ ಕೂಸುಗಳಾಗ ಮೊದಲು ಚರ್ಮ ಒಡಿತೈತಿ, ಒಡದ ಚರ್ಮದಿಂದ ಆಹಾರದ ಕಣ ಒಳಗ ಹೋಗಿ ಅಲರ್ಜಿ ಹುಟ್ಟತೈತಿ. ಅವತ್ತಿಂದ ಕಡ್ಲಿಹಿಟ್ಟು ಹಚ್ಚಿ ಎರಿಯೂದು, ಶೇಂಗಾ ಎಣ್ಣಿ ತಿಕ್ಕೂದು ಎರಡೂ ಬಿಟ್ವಿ. ಉಗುರುಬೆಚ್ಚಗಿನ ನೀರು, ಒತ್ತಿ ಒರಸೂದು, ಮೈ ಹಸಿ ಇದ್ದಾಗನ ವಾಸನಿ ಇಲ್ಲದ ಮಾಯಿಶ್ಚರೈಸರ್. ಕೆಂಪಿದ್ದಲ್ಲಿ ಡಾಕ್ಟ್ರು ಬರದ ಸ್ಟೀರಾಯ್ಡ್ ಮುಲಾಮು. ದೊಡ್ಡವರ ತೋರಬೆರಳಿನ ತುದಿಯಿಂದ ಮೊದಲ ಗೆರಿ ತನಕ ಹಿಂಡಿದ್ದು ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕ ಸಾಕು. ನಾ ಹೆದರಿ ಸಾಸಿವಿಕಾಳಿನಷ್ಟು ಹಚ್ಚತಿದ್ದೆ, ಆರತಿರಲಿಲ್ಲ. ಮೂರು ವಾರಕ್ಕ ಮಗಳು ರಾತ್ರಿಯೆಲ್ಲಾ ಮಲಗಿದ್ಲು.

ಬಿಡಿಸಿದ್ದನ್ನ ಮನ್ಯಾಗ ತಿರುಗಿ ಶುರು ಮಾಡಬ್ಯಾಡ್ರಿ. ಬಹಳ ದಿನ ಬಿಟ್ಟು ಕೊಟ್ರ ಕೆಲವು ಮಕ್ಕಳಿಗೆ ಜೋರು ರಿಯಾಕ್ಷನ್ ಆಗತೈತಿ. ನಾವು ಡಾಕ್ಟ್ರ ಮುಂದ ಕುಂತು ಕೊಟ್ವಿ.

ಗದಗದಿಂದ: ನಮ್ಮ ಮಗಗ ತತ್ತಿ ಖರೇನ ಆಗತಿರಲಿಲ್ಲ. ತಿಂದ ಹತ್ತು ನಿಮಿಷಕ್ಕ ತುಟಿ ಬಾತು, ಮೈತುಂಬ ದದ್ದು, ವಾಂತಿ. ಹಿಂಗಾದ್ರ, ಅದರಾಗೂ ಉಸಿರಿಗೆ ತ್ರಾಸಾದ್ರ, ಮನಿಮದ್ದು ನೋಡಕೋತ ಕೂಡಬ್ಯಾಡ್ರಿ, ದವಾಖಾನಿಗೆ ಓಡ್ರಿ. ತತ್ತಿ ಒಂದ ಬಿಟ್ವಿ. ಆದ್ರೂ ಎಕ್ಸಿಮಾ ಪೂರ್ತಿ ಹೋಗಲಿಲ್ಲ, ಮುಲಾಮು ತಪ್ಪಲಿಲ್ಲ.

ಹಾವೇರಿಯಿಂದ: ಶೇಂಗಾ ಬಗ್ಗೆ ಒಂದು ಮಾತು. 2015ರಾಗ ಲಂಡನ್ನಿನ ಲೀಪ್ ಅಧ್ಯಯನದ ಫಲಿತಾಂಶ ಬಂತು. ಜೋರು ಎಕ್ಸಿಮಾ ಅಥವಾ ತತ್ತಿ ಅಲರ್ಜಿ ಇದ್ದ, 4ರಿಂದ 11 ತಿಂಗಳಿನ 640 ಕೂಸುಗಳು. ಶೇಂಗಾ ತಿಂದ ಗುಂಪಿನಾಗ, ತಿನ್ನದ ಗುಂಪಿಗಿಂತ, ಐದನೇ ವರ್ಷಕ್ಕ ಶೇಂಗಾ ಅಲರ್ಜಿ ಸುಮಾರು 80% ಕಡಿಮಿ. ನಿಮ್ಮ ಮಗ ಈಗಾಗಲೇ ತಿಂದು ಅರಾಮ ಇದ್ರ ಬಿಡಿಸಬ್ಯಾಡ್ರಿ. ಇನ್ನೂ ಕೊಟ್ಟಿಲ್ಲಂದ್ರ ಡಾಕ್ಟ್ರನ್ನ ಕೇಳಿ ಶುರು ಮಾಡ್ರಿ. ಇಡೀ ಕಾಳು ಬ್ಯಾಡ, ಗಂಟಲಾಗ ಸಿಗತೈತಿ. ಹುರದು ನುಣ್ಣಗ ಅರದು ಗಂಜ್ಯಾಗ ಕಲಸ್ರಿ. ಮತ್ತ ರೊಟ್ಟಿ, ಶೇಂಗಾ ಹಿಂಡಿ ಉಂಡ ಕೈಲೆ ಅವನ ಗಲ್ಲ ಮುಟ್ಟಬ್ಯಾಡ್ರಿ, ಮುಲಾಮು ಹಚ್ಚೂ ಮೊದಲು ಎಲ್ಲಾರೂ ಸಬಕಾರ ಹಚ್ಚಿ ಕೈ ತೊಳಕೋರಿ.