ನಿಕೋಟಿನ್ ಇಲ್ಲದ ವೇಪ್ ಸೇದಿದರೂ ಬಾಯಿ ಒಣಗುವುದೇಕೆ?

ಪ್ರಶ್ನೆ
ವೇಪ್‌ಗೆ (ಇ-ಸಿಗರೇಟಿಗೆ) ನಿಕೋಟಿನ್ ಇಲ್ಲದ ದ್ರವ ಹಾಕಿದರೂ ಬಾಯಿ ಒಣಗುತ್ತದೆ, ಏಕೆ? ಜೊಲ್ಲು ನಿಜವಾಗಿಯೂ ಕಡಿಮೆಯಾಗಿದೆಯೇ ಎಂದು ಮನೆಯಲ್ಲೇ ಅಳೆಯಬಹುದೇ? ನಿಕೋಟಿನ್ ಇರುವುದನ್ನು ಸೇದುವವರಿಗೆ ಹಲ್ಲುಜ್ಜುವಾಗ ರಕ್ತ ಬಾರದಿದ್ದರೆ ಒಸಡು ಚೆನ್ನಾಗಿದೆ ಎನ್ನಬಹುದೇ?

ಉತ್ತರ 1
ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಎರಡೂ ನೀರು ಹೀರುವಂಥವು, ಕೆನ್ನೆಯ ಒಳಗಿನ, ನಾಲಿಗೆಯ ಮೇಲಿನ ತೇವವನ್ನು ಎಳೆದುಕೊಳ್ಳುತ್ತವೆ. ಹಾಗಾಗಿ ನಿಕೋಟಿನ್ ತೆಗೆದರೂ ಒಣಗುವುದು ನಿಲ್ಲುವುದಿಲ್ಲ. ಗ್ಲಿಸರಿನ್ ಸಕ್ಕರೆಯಂತೆ ಹುಳುಕು ತರುವುದಿಲ್ಲ, ನಿಜ. ಆದರೆ ಸಿಹಿ ಫ್ಲೇವರ್ ಬೆರೆತ ಆ ಅಂಟು ಆವಿ ದವಡೆ ಹಲ್ಲಿನ ಗೀರುಗಳಲ್ಲಿ ಕೂತು, ಬ್ಯಾಕ್ಟೀರಿಯಾ ಕಚ್ಚಿಕೊಳ್ಳಲು ಜಾಗ ಮಾಡಿಕೊಡುತ್ತದೆ. ಅದನ್ನು ತೊಳೆಯಬೇಕಾದ್ದು ಜೊಲ್ಲು. ಬಾಯಿಯ ಹುಳಿಯನ್ನು ತಗ್ಗಿಸುವುದೂ ಅದರಲ್ಲಿರುವ ಬೈಕಾರ್ಬನೇಟೇ. ಜೊಲ್ಲು ಇಳಿದರೆ, ಊಟ ತಿಂಡಿಯ ನಂತರ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗೇ ಹೆಚ್ಚು ಹೊತ್ತು ನಿಂತು ಹಲ್ಲಿನ ಹೊರಪದರವಾದ ಎನಾಮೆಲ್ ಕರಗುತ್ತದೆ.

ಉತ್ತರ 2
ಅಳೆಯಬಹುದು. ಒಂದು ಗಂಟೆ ಮೊದಲಿನಿಂದ ತಿನ್ನುವುದು, ಕುಡಿಯುವುದು, ಹಲ್ಲುಜ್ಜುವುದು, ಸೇದುವುದು ಯಾವುದೂ ಬೇಡ. ಬಾಯಲ್ಲಿರುವುದನ್ನು ಒಮ್ಮೆ ನುಂಗಿ, ತಲೆ ಮುಂದಕ್ಕೆ ಬಾಗಿಸಿ, 5 ನಿಮಿಷ ಜೊಲ್ಲು ತಾನಾಗಿ ಲೋಟಕ್ಕೆ ಇಳಿಯಲು ಬಿಡಿ. ನಾಲಿಗೆ ಆಡಿಸಿದರೆ, ಕ್ಯಾಕರಿಸಿ ಉಗುಳಿದರೆ ಲೆಕ್ಕ ತಪ್ಪುತ್ತದೆ. ನೊರೆ ಬಿಟ್ಟು ಉಳಿದದ್ದನ್ನು ಸೂಜಿಯಿಲ್ಲದ ಸಿರಿಂಜಿಗೆ ಎಳೆದು ನೋಡಿ. ಸಾಮಾನ್ಯವಾಗಿ 1.5ರಿಂದ 2 ಎಂಎಲ್ ಇರುತ್ತದೆ. 0.5 ಎಂಎಲ್‌ಗಿಂತ ಕಡಿಮೆಯಿದ್ದರೆ ಜೊಲ್ಲು ತೀರಾ ಇಳಿದಿದೆ ಎಂದೇ ಅರ್ಥ. ಮತ್ತೆ ಅಳೆಯುವಾಗಲೂ ದಿನದ ಅದೇ ಹೊತ್ತಿಗೆ ಅಳೆಯಿರಿ, ಬೆಳಗಿನ ಜೊಲ್ಲಿಗೂ ಮಧ್ಯಾಹ್ನದ್ದಕ್ಕೂ ವ್ಯತ್ಯಾಸವಿರುತ್ತದೆ. ಅಲರ್ಜಿ, ಖಿನ್ನತೆ, ಬಿಪಿಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ, ಎಲ್ಲವನ್ನೂ ವೇಪ್ ತಲೆಗೇ ಕಟ್ಟಬೇಡಿ.

ಉತ್ತರ 3
ರಕ್ತದ ಪ್ರಶ್ನೆಯೇ ಇಲ್ಲಿ ಅಪಾಯದ್ದು. ನಿಕೋಟಿನ್ ಒಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಹಿಡಿಯುತ್ತದೆ. ಒಳಗೆ ಉರಿಯೂತವಿದ್ದರೂ ಹೊರಗೆ ಒಸಡು ತಿಳಿ ಬಣ್ಣದಲ್ಲಿ, ಗಟ್ಟಿಯಾಗಿ ಕಾಣುತ್ತದೆ, ಬ್ರಷ್‌ಗೆ ರಕ್ತ ಅಂಟುವುದಿಲ್ಲ. ಅಷ್ಟರಲ್ಲಿ ಹಲ್ಲು ಹಿಡಿದಿರುವ ಮೂಳೆ ಸವೆಯುತ್ತಿರಬಹುದು. ದಂತವೈದ್ಯರು ಮಿಲಿಮೀಟರ್ ಗುರುತಿನ ತೆಳು ಕಡ್ಡಿಯಾದ ಪ್ರೋಬ್‌ನಿಂದ ಪ್ರತಿ ಹಲ್ಲಿನ ಸುತ್ತ 6 ಕಡೆ ಒಸಡಿನ ಸಂದಿಯ ಆಳ ಅಳೆಯುತ್ತಾರೆ: 3 ಮಿಮೀವರೆಗೆ ಸರಿ, 4 ಅಥವಾ ಹೆಚ್ಚಾದರೆ ಒಸಡಿನ ಸಂದಿ ಆಳವಾಗಿದೆ. ವೇಪ್ ಸೇದುವ ವಿಷಯ ಅವರಿಗೆ ಮೊದಲೇ ಹೇಳಿ. ಬಿಟ್ಟ ಮೇಲೆ ಕೆಲವು ವಾರ ರಕ್ತ ಹೆಚ್ಚಾಗಿ ಕಾಣಿಸಬಹುದು, ಮುಚ್ಚಿಕೊಂಡಿದ್ದ ಉರಿಯೂತ ಹೊರಬೀಳುವುದು ಹಾಗೆ. ಹೆದರಿ ಮತ್ತೆ ಶುರು ಮಾಡಬೇಡಿ.

ಪ್ರಶ್ನೆ ಕೇಳಿದವರು
ಬಿಡುವವರೆಗೆ ಮೌತ್‌ವಾಶ್ ಸಾಕೇ?

ಉತ್ತರ 2
ಆಲ್ಕೋಹಾಲ್ ಇರುವುದಂತೂ ಬೇಡ, ಇನ್ನಷ್ಟು ಒಣಗಿಸುತ್ತದೆ. ಸೇದಿದ ಕೂಡಲೇ ನೀರು ಮುಕ್ಕಳಿಸಿ. 1,000ರಿಂದ 1,500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್‌ನಿಂದ ದಿನಕ್ಕೆರಡು ಸಲ, 2 ನಿಮಿಷ ಉಜ್ಜಿ, ನೊರೆ ಉಗುಳಿ ಅಷ್ಟಕ್ಕೇ ಬಿಡಿ, ನೀರು ಹಾಕಿ ತೊಳೆಯಬೇಡಿ. ರಾತ್ರಿ ಉಜ್ಜಿದ ಮೇಲೆ ಸೇದಲೇಬೇಡಿ, ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಹೆಚ್ಚುಕಡಿಮೆ ನಿಂತೇ ಹೋಗಿರುತ್ತದೆ.