ಕೌಂಟಿ ಕಮಿಷನರ್‌ಗಳನ್ನು ಆರಿಸುವ ಪದ್ಧತಿ ಬದಲಾಗಬೇಕು: ಇಂಥ ಪ್ರಯತ್ನದಲ್ಲಿ ತೊಡಗಿದ್ದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನಮ್ಮ ವಾಸ. ರಸ್ತೆ, ಜೈಲು, ಸಾರ್ವಜನಿಕ ಆರೋಗ್ಯ, ಊರ ಹೊರಗಿನ ಜಮೀನಿನಲ್ಲಿ ಏನು ಕಟ್ಟಬಹುದು ಎಂಬ ತೀರ್ಮಾನ, ಇಷ್ಟೂ ಮೂವರು ಕಮಿಷನರ್‌ಗಳ ಕೈಯಲ್ಲಿದೆ. ಕೌಂಟಿಯಲ್ಲಿ ಮೂರು ಕ್ಷೇತ್ರಗಳಿವೆ. ಆಗಸ್ಟ್‌ನ ಪ್ರಾಥಮಿಕ ಚುನಾವಣೆಯಲ್ಲಿ ಆಯಾ ಕ್ಷೇತ್ರದವರು ಮಾತ್ರ ಮತ ಹಾಕುತ್ತಾರೆ. ಅಲ್ಲಿ ಮೊದಲ ಎರಡು ಸ್ಥಾನ ಪಡೆದವರು ನವೆಂಬರ್‌ನಲ್ಲಿ ಸ್ಪರ್ಧಿಸುತ್ತಾರೆ, ಆಗ ಇಡೀ ಕೌಂಟಿ ಮತ ಹಾಕುತ್ತದೆ. ನಮ್ಮ ಕ್ಷೇತ್ರ ಆಗಸ್ಟ್‌ನಲ್ಲಿ ಮುಂದೆ ತಂದ ಅಭ್ಯರ್ಥಿಯನ್ನು ನವೆಂಬರ್‌ನಲ್ಲಿ ಉಳಿದೆರಡು ಕ್ಷೇತ್ರಗಳವರು ಸೋಲಿಸಿದ್ದನ್ನು ಕಣ್ಣಾರೆ ಕಂಡಿದ್ದೇವೆ. ನವೆಂಬರ್‌ನಲ್ಲೂ ಕ್ಷೇತ್ರದವರೇ ಆರಿಸುವಂತಾಗಬೇಕು ಎಂದು ಕೇಳಲು ನೆರೆಹೊರೆಯವರು ಸೇರಿ ಹೊರಟಿದ್ದೇವೆ. ಗುಂಪಿನಲ್ಲಿ ಕೆಲವು ಕನ್ನಡದ ಮನೆಗಳೂ ಇವೆ, ಎಲ್ಲರಿಗೂ ಇನ್ನೂ ಪೌರತ್ವ ಸಿಕ್ಕಿಲ್ಲ. ಯಾವ ದಾರಿ ಹಿಡಿಯಬೇಕು? ಎಲ್ಲಿ ಎಡವುವ ಸಾಧ್ಯತೆ ಇದೆ? ಮನೆ ಬಾಗಿಲಿಗೆ ಹೋದಾಗ ಏನು ಹೇಳಬೇಕು?

ವಾಷಿಂಗ್ಟನ್ ರಾಜ್ಯದ ಕ್ಲಾರ್ಕ್ ಕೌಂಟಿಯ ವ್ಯಾಂಕೂವರ್‌ನಿಂದ

ನಿಮ್ಮ ಕಮಿಷನರ್‌ಗಳ ಸಭೆಗೆ ಹೋಗಿ ಮನವಿ ಕೊಟ್ಟರೆ ಕೆಲಸ ಆಗುತ್ತದೆ ಎಂದುಕೊಂಡಿದ್ದರೆ, ಸಾಮಾನ್ಯವಾಗಿ ಆಗುವುದಿಲ್ಲ. ಆಗಸ್ಟ್‌ನಲ್ಲಿ ಕ್ಷೇತ್ರ, ನವೆಂಬರ್‌ನಲ್ಲಿ ಕೌಂಟಿ ಎಂಬ ಪದ್ಧತಿ ರಾಜ್ಯದ ಕಾನೂನಿನಲ್ಲೇ ಇದೆ. ಅದರಿಂದ ಹೊರಬರಲು ಮೂರು ದಾರಿಗಳಿವೆ: ಕೌಂಟಿಗೆ ಸ್ವಂತ ಚಾರ್ಟರ್ (ಆಡಳಿತ ಹೇಗಿರಬೇಕೆಂಬ ಮೂಲ ನಿಯಮಾವಳಿ) ಬರೆದುಕೊಳ್ಳುವುದು, ರಾಜ್ಯದ ರಾಜಧಾನಿ ಒಲಿಂಪಿಯಾದ ಶಾಸನಸಭೆಯಲ್ಲಿ ಕಾನೂನು ಮಾಡಿಸುವುದು, ಇಲ್ಲವೇ 2018ರ ರಾಜ್ಯ ಮತದಾನ ಹಕ್ಕು ಕಾಯ್ದೆಯನ್ನು ಬಳಸುವುದು. ನಾನು ಹತ್ತಿರದಿಂದ ನೋಡಿದ್ದು ಮೊದಲನೆಯದನ್ನು.

ಈ ರಾಜ್ಯದ 39 ಕೌಂಟಿಗಳಲ್ಲಿ ಚಾರ್ಟರ್ ಇರುವುದು ಏಳಕ್ಕೆ ಮಾತ್ರ. ಕಳೆದ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದವರ ಶೇಕಡಾ 10ರಷ್ಟು ಸಹಿ ಸಂಗ್ರಹಿಸಿದರೆ 15ರಿಂದ 25 ಫ್ರೀಹೋಲ್ಡರ್‌ಗಳನ್ನು, ಅಂದರೆ ಚಾರ್ಟರ್ ಬರೆಯುವ ಪ್ರತಿನಿಧಿಗಳನ್ನು, ಆರಿಸಲು ಚುನಾವಣೆ ನಡೆಸಬೇಕಾಗುತ್ತದೆ. ಕೌಂಟಿಯಲ್ಲಿ ಕನಿಷ್ಠ ಐದು ವರ್ಷದಿಂದ ನೆಲೆಸಿರುವ ಮತದಾರರು ಇದಕ್ಕೆ ನಿಲ್ಲಬಹುದು. ಅವರು ಕುಳಿತು ಚಾರ್ಟರ್ ಬರೆಯುತ್ತಾರೆ, ಅದು ಮತ್ತೆ ಮತದಾರರ ಮುಂದೆ ಬರುತ್ತದೆ. ನಮ್ಮ ಕೌಂಟಿಯವರು ಹಿಂದೆ ಮೂರು ಸಲ ಚಾರ್ಟರ್ ಬೇಡವೆಂದಿದ್ದರು. 2013ರಲ್ಲಿ ಫ್ರೀಹೋಲ್ಡರ್‌ಗಳ ಆಯ್ಕೆಯಾಗಿ, 2014ರ ನವೆಂಬರ್‌ನಲ್ಲಿ ಕೊನೆಗೂ ಒಪ್ಪಿದರು.

ನೀವು ಎಚ್ಚರ ವಹಿಸಬೇಕಾದದ್ದು ಇಲ್ಲಿ. ನಿಮಗೆ ಬೇಕಿರುವುದು ಕ್ಷೇತ್ರವಾರು ಆಯ್ಕೆ, ಆದರೆ ಚಾರ್ಟರ್ ಒಂದು ಇಡೀ ಕಟ್ಟು. ನಮ್ಮದರಲ್ಲಿ ಆಡಳಿತವನ್ನು ನೇಮಕಗೊಂಡ ಮ್ಯಾನೇಜರ್ ಕೈಗೆ ಕೊಡುವುದು, ಸದಸ್ಯರ ಸಂಬಳ ಇಳಿಸುವುದು, ಮೂವರ ಬದಲು ಐವರನ್ನು ಆರಿಸುವುದು, ಎಲ್ಲ ಒಟ್ಟಿಗೇ ಇತ್ತು. ಗ್ರಂಥಾಲಯದ ಎದುರು ಮೇಜು ಹಾಕಿಕೊಂಡು ನಿಂತಾಗ, ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಸಂಬಳದ ಬಗ್ಗೆ ಮತ್ತು ಮ್ಯಾನೇಜರ್ ಬಗ್ಗೆ. ಕ್ಷೇತ್ರದ ಮಾತು ನಾವೇ ಎತ್ತಬೇಕಾಗಿತ್ತು. ಹಿರಿಯರೊಬ್ಬರು ಕರಪತ್ರವನ್ನು ಎರಡೂ ಬದಿ ಓದಿ, ‘ಇದರಲ್ಲಿ ನಾಲ್ಕಕ್ಕೆ ನನ್ನ ಒಪ್ಪಿಗೆ ಇದೆ, ಒಂದಕ್ಕೆ ಇಲ್ಲ, ಈಗೇನು ಮಾಡಲಿ’ ಎಂದು ಪ್ರಾಮಾಣಿಕವಾಗಿ ಕೇಳಿದರು. ಇಂಥ ಮತದಾರರೇ ಫಲಿತಾಂಶ ನಿರ್ಧರಿಸುತ್ತಾರೆ. ಅವರಿಗೆ ಏನು ಹೇಳುತ್ತೀರಿ ಎಂಬುದನ್ನು ಸಹಿ ಸಂಗ್ರಹ ಶುರುವಾಗುವ ಮೊದಲೇ ಗುಂಪಿನಲ್ಲಿ ಚರ್ಚಿಸಿ ಗಟ್ಟಿ ಮಾಡಿಕೊಳ್ಳಿ.

ಇನ್ನೊಂದು. ಉತ್ಸಾಹದಲ್ಲಿ ಎಲ್ಲ ಸುಧಾರಣೆಗಳನ್ನೂ ಒಟ್ಟಿಗೆ ತರಲು ಹೋಗಬೇಡಿ. ಆದ್ಯತೆಯ ಕ್ರಮದಲ್ಲಿ ಮತ ಹಾಕುವ ಪದ್ಧತಿ 2022ರಲ್ಲಿ ನಮ್ಮಲ್ಲಿ ಬಿದ್ದುಹೋಯಿತು. ಅದೇ ನವೆಂಬರ್‌ನಲ್ಲಿ ಕೊಲಂಬಿಯಾ ನದಿಯ ಆಚೆ ದಡದ ಮಲ್ಟ್‌ನೋಮಾ ಕೌಂಟಿಯಲ್ಲಿ ಗೆದ್ದಿತು. ನಡುವೆ ಇರುವುದು ಒಂದು ಸೇತುವೆಯ ದೂರ. ಪಕ್ಕದ ಊರಿನವರು ಒಪ್ಪಿದರೆಂದು ನಿಮ್ಮವರೂ ಒಪ್ಪುತ್ತಾರೆ ಎಂದು ಲೆಕ್ಕ ಹಾಕಬೇಡಿ.

ಸ್ಪೋಕೇನ್‌ನಿಂದ

ನಮ್ಮದು ಎರಡನೆಯ ದಾರಿ. ಮೂವರ ಬದಲು ಐವರು ಕಮಿಷನರ್‌ಗಳು ಬೇಕೆಂಬ ಪ್ರಸ್ತಾಪ 2015ರಲ್ಲಿ ಸ್ಪೋಕೇನ್ ಕೌಂಟಿಯ ಮತದಾರರ ಮುಂದೆ ಬಂದು ಸೋತಿತ್ತು. ಆಮೇಲೆ 2018ರಲ್ಲಿ ಶಾಸನಸಭೆ ಕಾನೂನು ಮಾಡಿತು: ನಾಲ್ಕು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇರುವ, ಚಾರ್ಟರ್ ಇಲ್ಲದ ಕೌಂಟಿಯಲ್ಲಿ ಐವರು ಕಮಿಷನರ್‌ಗಳು ಇರಬೇಕು, ನವೆಂಬರ್‌ನಲ್ಲೂ ಅವರನ್ನು ಆಯಾ ಕ್ಷೇತ್ರದವರೇ ಆರಿಸಬೇಕು. ಕೌಂಟಿ ನ್ಯಾಯಾಲಯಕ್ಕೆ ಹೋಯಿತು. 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. 2022ರಲ್ಲಿ ಮೊದಲ ಚುನಾವಣೆ ನಡೆಯಿತು. ಅದಕ್ಕೆ ಮೊದಲು ಮೂರೂ ಸ್ಥಾನ ರಿಪಬ್ಲಿಕನ್ನರದ್ದಾಗಿತ್ತು. ಹೊಸ ಪದ್ಧತಿಯಲ್ಲಿ ರಿಪಬ್ಲಿಕನ್ನರು ಮೂವರು, ಡೆಮಾಕ್ರಟರು ಇಬ್ಬರು ಬಂದರು.

ಈ ಅಂಕಿಗಳನ್ನು ನಿಮ್ಮ ಪ್ರಚಾರದಲ್ಲಿ ಬಳಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಪಕ್ಷದ ಹೆಸರು ಬಂದ ಕೂಡಲೇ ಅರ್ಧ ಊರು ಕಿವಿ ಮುಚ್ಚಿಕೊಳ್ಳುತ್ತದೆ. ನಮ್ಮ ಕೌಂಟಿಯ ಹಳ್ಳಿ ಕಡೆಯ ರೈತರಿಗೂ ನಗರದ ಮತಗಳಲ್ಲಿ ತಾವು ಕೊಚ್ಚಿಹೋಗುತ್ತೇವೆ ಎಂಬ ಭಯವಿದೆ. ಕ್ಷೇತ್ರವಾರು ಆಯ್ಕೆ ಅವರನ್ನೂ ಕಾಯುತ್ತದೆ. ಇದನ್ನು ನಗರದವರು ಹೋಗಿ ಹೇಳುವುದಕ್ಕಿಂತ ಅವರಲ್ಲೇ ಒಬ್ಬರು ಹೇಳಿದರೆ ಜನ ಕೇಳುತ್ತಾರೆ.

ಒಲಿಂಪಿಯಾ ನಮ್ಮಿಂದ ಸುಮಾರು ಐನೂರು ಕಿಲೋಮೀಟರ್, ನಡುವೆ ಕ್ಯಾಸ್ಕೇಡ್ ಪರ್ವತ, ಚಳಿಗಾಲದಲ್ಲಿ ಕಣಿವೆ ದಾರಿ ಹಿಮದಿಂದ ಮುಚ್ಚಿಹೋಗುವುದೂ ಉಂಟು. ಈಗ ಸಮಿತಿಗಳ ಮುಂದೆ ಮನೆಯಿಂದಲೇ ವಿಡಿಯೊ ಮೂಲಕ ಹೇಳಿಕೆ ಕೊಡಬಹುದು. ಅಧಿವೇಶನ ಜನವರಿಯಲ್ಲಿ ಶುರುವಾಗುತ್ತದೆ, ಬೆಸ ವರ್ಷದಲ್ಲಿ 105 ದಿನ, ಸಮ ವರ್ಷದಲ್ಲಿ 60 ದಿನ. ಹಾಗಾಗಿ ನಿಮ್ಮ ಶಾಸಕರನ್ನು ಕಾಣುವುದಿದ್ದರೆ ಶರತ್ಕಾಲದಲ್ಲೇ ಕಾಣಿ. ಮಸೂದೆ ಸಮಿತಿಗೆ ಬಂದ ಮೇಲೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಕಾನೂನು ಬಂದರೆ ಕೆಲಸ ಮುಗಿಯಿತು ಎಂದುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದರು. ನಿಜವಾದ ಕೆಲಸ 2021ರಲ್ಲಿ, ಎರಡೂ ಪಕ್ಷಗಳ ಕಡೆಯಿಂದ ನೇಮಕವಾದ ಸಮಿತಿ ಐದು ಕ್ಷೇತ್ರಗಳ ಗಡಿ ಎಳೆಯಲು ಕುಳಿತಾಗ ಶುರುವಾಯಿತು. ಬೆಂಗಳೂರಿನ ವಾರ್ಡ್‌ಗಳ ಕಥೆ ಬಲ್ಲವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ 198 ವಾರ್ಡ್‌ಗಳು 243 ಆದವು, ಆಮೇಲೆ 225 ಆದವು, ಚುನಾವಣೆ ಮಾತ್ರ ವರ್ಷಗಟ್ಟಲೆ ನಡೆಯಲಿಲ್ಲ. ಗಡಿ ಯಾರ ಕೈಯಲ್ಲಿದೆಯೋ ಚುನಾವಣೆ ಅವರ ಕೈಯಲ್ಲಿರುತ್ತದೆ. ಸಭೆಯಲ್ಲಿ ‘ನಮ್ಮ ಬಡಾವಣೆಯನ್ನು ಒಡೆಯಬೇಡಿ’ ಎಂದವರ ಮಾತನ್ನು ಬರೆದುಕೊಂಡು ಮುಂದೆ ಹೋದರು. ಒಬ್ಬ ಮಹಿಳೆ ಮಾತ್ರ ಬೀದಿ ನಕ್ಷೆಯ ಮೇಲೆ ಶಾಲೆಗೆ ಮಕ್ಕಳು ಬರುವ ವ್ಯಾಪ್ತಿ, ಬಸ್ ಮಾರ್ಗ, ನೀರಿನ ಸಂಪರ್ಕದ ಎಲ್ಲೆ, ಮೂರನ್ನೂ ಬೇರೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಗುರುತಿಸಿ ತಂದಿದ್ದರು. ಸಮಿತಿಯವರು ಎದ್ದು ಬಂದು ಆ ಹಾಳೆಯ ಸುತ್ತ ನಿಂತರು. ನೀವೂ ಹಾಗೆ ಮಾಡಿ.

ಪಾಸ್ಕೋದಿಂದ

ನಮ್ಮ ಫ್ರಾಂಕ್ಲಿನ್ ಕೌಂಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಸಮುದಾಯದವರು. ಆಲೂಗಡ್ಡೆ, ಈರುಳ್ಳಿ, ಸೇಬು ಬೆಳೆಯುವ, ಸಂಸ್ಕರಿಸುವ ಕೈಗಳು ಅವರವು. ಕಮಿಷನರ್ ಕುರ್ಚಿಗಳು ಮಾತ್ರ ಅವರ ಪಾಲಿಗೆ ದೂರವೇ ಉಳಿದಿದ್ದವು. 2021ರಲ್ಲಿ ಲ್ಯಾಟಿನೋ ಮತದಾರರು ರಾಜ್ಯದ ಮತದಾನ ಹಕ್ಕು ಕಾಯ್ದೆಯಡಿ ಮೊಕದ್ದಮೆ ಹೂಡಿದರು, ಮರುವರ್ಷ ಒಪ್ಪಂದವಾಯಿತು, 2024ರಿಂದ ಕ್ಷೇತ್ರವಾರು ಆಯ್ಕೆ ಎಂದು ತೀರ್ಮಾನವಾಯಿತು. ಕಾಯ್ದೆಯೇ ಸಂವಿಧಾನಬಾಹಿರ ಎಂದು ಇನ್ನೊಬ್ಬರು ಮೇಲ್ಮನವಿ ಹೋದಾಗ, 2023ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಕಾಯ್ದೆಯನ್ನು ಉಳಿಸಿತು.

ಈ ಮೂರನೆಯ ದಾರಿ ಹೇಗೆಂದರೆ, ಮೊದಲು ಕೌಂಟಿಗೆ ಲಿಖಿತ ನೋಟಿಸ್ ಕೊಡಬೇಕು. ಸರಿಪಡಿಸಿಕೊಳ್ಳಲು ಅವರಿಗೆ ಕಾಲಾವಕಾಶ ಸಿಗುತ್ತದೆ. ಅವರು ಒಪ್ಪಿದರೆ ನ್ಯಾಯಾಲಯದಲ್ಲಿ ಜಗಳವಾಡದೆ ಪರಿಹಾರ ಸಿಗುತ್ತದೆ, ಒಪ್ಪದಿದ್ದರೆ ಮೊಕದ್ದಮೆ. ನಿಮ್ಮ ಕ್ಷೇತ್ರದ ಅಭ್ಯರ್ಥಿ ಸೋತರು ಎಂಬುದು ಇಲ್ಲಿ ಸಾಕ್ಷ್ಯ ಆಗುವುದಿಲ್ಲ. ಒಂದು ಸಮುದಾಯ ಒಟ್ಟಾಗಿ ಒಬ್ಬರನ್ನು ಬೆಂಬಲಿಸುತ್ತಿದೆ, ಉಳಿದವರು ಬೇರೆಯವರನ್ನು ಬೆಂಬಲಿಸುತ್ತಿದ್ದಾರೆ, ಹಾಗಾಗಿ ಆ ಸಮುದಾಯದ ಮತ ಪ್ರತಿ ಸಲ ಮುಳುಗುತ್ತಿದೆ ಎಂಬುದನ್ನು ಮತದಾನ ಪ್ರದೇಶವಾರು ಅಂಕಿಗಳಿಂದ ತೋರಿಸಬೇಕು. ತಜ್ಞರಿಲ್ಲದೆ ಇದು ಆಗದ ಕೆಲಸ.

ನನ್ನ ಅಭಿಪ್ರಾಯ ಕಟುವೆನಿಸಬಹುದು. ಕೆಲವೇ ಮನೆಗಳಿರುವ ನಾವು ಕನ್ನಡಿಗರು ಈ ಕಾಯ್ದೆಯನ್ನು ಅಡ್ಡದಾರಿಯಂತೆ ಬಳಸಲು ಹೋಗಬಾರದು. ನಿಮ್ಮ ಕೌಂಟಿಯಲ್ಲಿ ದಶಕಗಳಿಂದ ದನಿ ಇಲ್ಲದೆ ದುಡಿಯುತ್ತಿರುವವರು ಇದ್ದರೆ, ಅವರು ಮುಂದೆ ನಿಲ್ಲಲಿ, ನಾವು ಅವರ ಜೊತೆ ನಿಲ್ಲೋಣ. ಅವರಿಗೆ ಅನ್ಯಾಯವಾಗಿದೆಯೋ ಇಲ್ಲವೋ ಎಂದು ಅವರನ್ನೇ ಕೇಳದೆ ನೋಟಿಸ್ ಬರೆಯಬೇಡಿ.

ಪದ್ಧತಿ ಬದಲಾದ ತಕ್ಷಣ ಕುರ್ಚಿ ಸಿಗುತ್ತದೆ ಎಂದೂ ಭಾವಿಸಬೇಡಿ. ಯಾಕಿಮಾ ನಗರದ ಚುನಾವಣಾ ಪದ್ಧತಿ ತಪ್ಪು ಎಂದು ಫೆಡರಲ್ ನ್ಯಾಯಾಲಯ 2014ರಲ್ಲಿ ಹೇಳಿದ ಮೇಲೆ, 2015ರಲ್ಲೇ ಮೂವರು ಲ್ಯಾಟಿನಾ ಮಹಿಳೆಯರು ನಗರಸಭೆಗೆ ಆಯ್ಕೆಯಾದರು. ಅದೇ ಯಾಕಿಮಾ ಕೌಂಟಿಯಲ್ಲಿ 2021ರ ಒಪ್ಪಂದದ ನಂತರ, 2022ರಲ್ಲಿ ಮೂರೂ ಕಮಿಷನರ್ ಸ್ಥಾನಗಳಿಗೆ ಚುನಾವಣೆ ನಡೆದಾಗ ಆ ಸಮುದಾಯದ ಯಾರೂ ಗೆಲ್ಲಲಿಲ್ಲ. ಮತದಾರರ ನೋಂದಣಿ, ಅಭ್ಯರ್ಥಿಗಳನ್ನು ಬೆಳೆಸುವುದು, ಮತಪತ್ರ ತುಂಬಿ ಅಂಚೆಗೆ ಹಾಕಿಸುವುದು, ಇವು ಗಡಿ ಬದಲಾದ ಮೇಲೂ ಬಾಕಿ ಇರುತ್ತವೆ.

ಪ್ರಶ್ನೆ ಕೇಳಿದವರಿಂದ

ತುಂಬಾ ಧನ್ಯವಾದಗಳು. ವಿರೋಧಿಸುವವರು ಏನು ಹೇಳುತ್ತಾರೆ ಎಂಬುದನ್ನೂ ಯಾರಾದರೂ ತಿಳಿಸಿ. ಪೌರತ್ವ ಇಲ್ಲದವರ ವಿಷಯವೂ ಸ್ಪಷ್ಟವಾಗಬೇಕಾಗಿದೆ.

ಫ್ಲಾರಿಡಾದ ಗೇನ್ಸ್‌ವಿಲ್‌ನಿಂದ

ವಿರೋಧದ ಮಾತಿಗೆ ನಮ್ಮ ಅಲಾಚುವಾ ಕೌಂಟಿಯೇ ಉದಾಹರಣೆ. ಐವರು ಕಮಿಷನರ್‌ಗಳನ್ನು ಇಡೀ ಕೌಂಟಿ ಆರಿಸುತ್ತಿತ್ತು. 2022ರಲ್ಲಿ ಕ್ಷೇತ್ರವಾರು ಆಯ್ಕೆ ಅಲ್ಪ ಅಂತರದಿಂದ ಗೆದ್ದಿತು. 2024ರಲ್ಲಿ ಮತ್ತೆ ಪ್ರಶ್ನೆ ಬಂದಾಗ ಜನ ದೊಡ್ಡ ಅಂತರದಿಂದ ಹಳೆಯ ಪದ್ಧತಿಯೇ ಇರಲಿ ಎಂದರು. ನೀವು ಬಯಸುವುದರ ವಿರುದ್ಧದ ವಾದ ಎಷ್ಟು ಬಲವಾದದ್ದು ಎಂಬುದಕ್ಕೆ ಇದು ಸಾಕ್ಷಿ.

ವಾದ ಸರಳ: ‘ಇವತ್ತು ಐವರಿಗೂ ನಿಮ್ಮ ಮತ ಬೇಕು, ನಾಳೆ ಒಬ್ಬರಿಗೆ ಮಾತ್ರ ಬೇಕು. ಉಳಿದ ನಾಲ್ವರು ನಿಮ್ಮ ದೂರು ಏಕೆ ಕೇಳುತ್ತಾರೆ?’ ಇದನ್ನು ಸುಳ್ಳೆಂದು ತಳ್ಳಿಹಾಕಬೇಡಿ. ನಾನು ಬಾಗಿಲಲ್ಲಿ ಹೇಳುತ್ತಿದ್ದದ್ದು ಇಷ್ಟು: ನಿಜ, ಮತಗಳ ಸಂಖ್ಯೆ ಕಡಿಮೆಯಾಗುತ್ತದೆ. ಆದರೆ ಇಡೀ ಕೌಂಟಿಯಲ್ಲಿ ಪ್ರಚಾರ ಮಾಡಲು ದುಡ್ಡಿಲ್ಲದ, ನಿಮ್ಮ ರಸ್ತೆಯ ಗುಂಡಿ ಬಲ್ಲ ಒಬ್ಬರು ನಡೆದುಕೊಂಡೇ ಮನೆಮನೆಗೆ ಹೋಗಿ ಗೆಲ್ಲುವ ಸಾಧ್ಯತೆ ಬರುತ್ತದೆ, ಮತ್ತು ಆ ಒಬ್ಬರನ್ನು ಮುಂದಿನ ಸಲ ಮನೆಗೆ ಕಳುಹಿಸುವ ಶಕ್ತಿ ಪೂರ್ತಿ ನಿಮ್ಮ ಬೀದಿಗಳ ಕೈಯಲ್ಲಿ ಇರುತ್ತದೆ. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಪ್ಪದವರ ಜೊತೆ ಸೌಜನ್ಯ ಉಳಿಸಿಕೊಳ್ಳಿ, ಅದೇ ಪ್ರಶ್ನೆ ಎರಡೇ ವರ್ಷದಲ್ಲಿ ಮತ್ತೆ ಬರಬಹುದು.

ಸಿಯಾಟಲ್ ಬಳಿಯಿಂದ, ಮತದಾರರ ನೋಂದಣಿ ಕೆಲಸ ಮಾಡುವವರು

ಪೌರತ್ವದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಎಚ್-1ಬಿ ಆಗಲಿ, ಗ್ರೀನ್ ಕಾರ್ಡ್ ಆಗಲಿ, ಪೌರತ್ವ ಬರುವವರೆಗೆ ಮತದಾರರ ನೋಂದಣಿ ಮಾಡಿಸಬಾರದು, ಮನವಿ ಹಾಳೆಗೆ ಸಹಿ ಹಾಕಬಾರದು. ಲೈಸೆನ್ಸ್ ಮಾಡಿಸುವಾಗ ಕೌಂಟರಿನಲ್ಲಿ ಮತದಾರರಾಗಿ ನೋಂದಾಯಿಸಲೇ ಎಂದು ಕೇಳಿದರೆ ಬೇಡವೆನ್ನಿ, ಗೊತ್ತಿಲ್ಲದೆ ಹೂಂ ಎಂದರೂ ಮುಂದೆ ಪೌರತ್ವಕ್ಕೇ ಕುತ್ತು. ಗ್ರೀನ್ ಕಾರ್ಡ್ ಇಲ್ಲದವರು ಪ್ರಚಾರಕ್ಕೆ ಹಣವನ್ನೂ ಕೊಡಬಾರದು. ಸಭೆಯಲ್ಲಿ ಮಾತನಾಡಲು ಮಾತ್ರ ಯಾವ ಅಡ್ಡಿಯೂ ಇಲ್ಲ. ನಿರ್ಧಾರ ಕೈಗೊಳ್ಳುವ ಸಭೆಗಳಲ್ಲಿ ಸಾರ್ವಜನಿಕರು ಮಾತಿನಲ್ಲೋ ಬರಹದಲ್ಲೋ ಅಭಿಪ್ರಾಯ ಹೇಳಲು ಅವಕಾಶ ಕೊಡಲೇಬೇಕೆಂದು 2022ರಿಂದ ಈ ರಾಜ್ಯದ ಕಾನೂನೇ ಹೇಳುತ್ತದೆ.

ಪೌರತ್ವ ಇರುವವರ ಸಹಿಯ ಬಗ್ಗೆಯೂ ಒಂದು ಮಾತು. ನಮ್ಮವರಲ್ಲಿ ಅನೇಕರು ಕನ್ನಡದಲ್ಲಿ ಸಹಿ ಹಾಕುತ್ತಾರೆ, ಅದು ಸಂತೋಷವೇ. ಆದರೆ ಚುನಾವಣೆ ನಡೆಸುವ ಕೌಂಟಿ ಆಡಿಟರ್ ಕಚೇರಿಯವರು ಅಂಚೆ ಮತಪತ್ರದ ಲಕೋಟೆಯ ಮೇಲಿನ ಸಹಿಯನ್ನು ತಮ್ಮಲ್ಲಿರುವ ಸಹಿಯ ಜೊತೆ ಹೋಲಿಸುತ್ತಾರೆ. ಅಲ್ಲಿ ಕನ್ನಡ, ಇಲ್ಲಿ ಇಂಗ್ಲಿಷ್ ಆದರೆ ಮತ ತಡೆಹಿಡಿದು ಪತ್ರ ಕಳುಹಿಸುತ್ತಾರೆ. ನನ್ನ ಪರಿಚಯದ ಹಿರಿಯರೊಬ್ಬರು ಆ ಪತ್ರವನ್ನು ಜಾಹೀರಾತು ಎಂದು ಬದಿಗಿಟ್ಟಿದ್ದರು, ಸೊಸೆ ನೋಡಿ ಗಡುವಿನೊಳಗೆ ಸರಿಪಡಿಸಿದರು. ಮನವಿ ಹಾಳೆಯಲ್ಲೂ ಹೆಸರು, ವಿಳಾಸ ನೋಂದಣಿಯಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್‌ಗಳನ್ನು ಬಿಡಿಸಿ ಪಾಸ್‌ಪೋರ್ಟ್‌ನಲ್ಲಿ ಉದ್ದ ಮಾಡಿಸಿಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹಣ ಸಂಗ್ರಹಿಸುವುದಿದ್ದರೆ ರಾಜ್ಯದ ಸಾರ್ವಜನಿಕ ಬಹಿರಂಗ ಆಯೋಗದಲ್ಲಿ ಸಮಿತಿಯನ್ನು ನೋಂದಾಯಿಸಿ. ಗುಂಪಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೋ ಕೌಂಟಿ ನೌಕರರೋ ಇದ್ದರೆ, ಪ್ರಚಾರದ ಸಂದೇಶ ಅವರ ಕಚೇರಿಯ ಇಮೇಲ್‌ಗೆ ಹೋಗದಂತೆ ನೋಡಿಕೊಳ್ಳಿ, ಸಾರ್ವಜನಿಕ ಕಚೇರಿಯ ಸೌಲಭ್ಯವನ್ನು ಪ್ರಚಾರಕ್ಕೆ ಬಳಸುವುದನ್ನು ಕಾನೂನು ನಿಷೇಧಿಸಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲವನ್ನೂ ಗುಂಪಿನಲ್ಲಿ ಓದಿದೆವು. ಪಾಸ್ಕೋದವರು ಹೇಳಿದಂತೆ, ನೋಟಿಸ್ ಬಗ್ಗೆ ಯೋಚಿಸುವ ಮೊದಲು ಹಣ್ಣಿನ ತೋಟಗಳಲ್ಲಿ ದುಡಿಯುವ ಕುಟುಂಬಗಳ ಸಂಘದವರನ್ನು ಕಂಡು ಅವರ ಮಾತು ಕೇಳಲು ನಿರ್ಧರಿಸಿದ್ದೇವೆ. ಜೊತೆಗೆ ನಮ್ಮ ಇಬ್ಬರು ಶಾಸಕರನ್ನು ಅಕ್ಟೋಬರ್‌ನಲ್ಲಿ ಭೇಟಿಯಾಗುತ್ತೇವೆ. ಚಾರ್ಟರ್ ವಿಷಯ ಸದ್ಯಕ್ಕೆ ಬೇಡ, ಅಷ್ಟು ದೊಡ್ಡ ಕಟ್ಟನ್ನು ಹೊರುವಷ್ಟು ಜನ ನಮ್ಮಲ್ಲಿ ಇನ್ನೂ ಇಲ್ಲ. ಸ್ಪೋಕೇನ್‌ನವರೇ, ಬಣ್ಣದ ಪೆನ್ಸಿಲ್‌ನ ಆ ನಕ್ಷೆಗೆ ಶಾಲೆಯ ವ್ಯಾಪ್ತಿ ಮತ್ತು ನೀರಿನ ಸಂಪರ್ಕದ ಮಾಹಿತಿಯನ್ನು ಯಾವ ಕಚೇರಿಯಿಂದ ಪಡೆದರು ಎಂದು ಆ ಮಹಿಳೆಯನ್ನು ಕೇಳಿ ತಿಳಿಸುತ್ತೀರಾ?