ಮ್ಯಾನ್ ಪೇಜ್ ಬರೀಲಿಕ್ಕೆ ಯಾವ ಟೂಲ್ ಚೊಲೋ? ಮಾರ್ಕ್‌ಡೌನೋ, ಎಂಡಾಕೋ, ಆಸ್ಕಿಡಾಕೋ?

ವಿದ್ಯಾಗಿರಿ_ಹುಡುಗ, ಬಾಗಲಕೋಟೆ:
ನಮಸ್ಕಾರ್ರಿ ಎಲ್ಲಾರಿಗೂ. ಮಹಾಲಿಂಗಪುರದಾಗ ಒಂದು ಬೆಲ್ಲದ ಅಡತಿ ಅಂಗಡಿಗೆ ತೂಕದ ಚೀಟಿ ಲೆಕ್ಕ ಹಾಕೂ ಪ್ರೋಗ್ರಾಂ ಬರದೀನ್ರಿ, ಮೂರು ಕಮಾಂಡ್ ಅದಾವು. ಈಗ ಮ್ಯಾನ್ ಪೇಜ್ (ಟರ್ಮಿನಲ್‌ನ್ಯಾಗ man ಅಂತ ಹೊಡದ್ರ ಬರೂ ಕೈಪಿಡಿ) ಬೇಕು, ಅದ ಫೈಲಿನಿಂದ ಎಚ್‌ಟಿಎಂಎಲ್ ಸುದ್ದಾ ಬರಬೇಕು ಯಾಕಂದ್ರ ಅಂಗಡ್ಯಾಗಿನ ಹುಡುಗ್ರು ಬ್ರೌಸರ್‌ನ್ಯಾಗ ಓದ್ತಾರ. ರೀಡ್‌ಮಿ ಮಾರ್ಕ್‌ಡೌನ್‌ನ್ಯಾಗ ಇತ್ತು, ಪ್ಯಾನ್‌ಡಾಕ್ (ಒಂದು ಫಾರ್ಮ್ಯಾಟಿನಿಂದ ಇನ್ನೊಂದಕ್ಕ ಬದಲಿಸೂ ಟೂಲ್) ಹಾಕಿ ತಗದೆ, ಬಂತು, ಆದ್ರ ಆಪ್ಷನ್ ಎಲ್ಲಾ ಟೇಬಲ್ ಮಾಡಿದ್ದೆ, 80 ಕಾಲಮ್ಮಿನ ಟರ್ಮಿನಲ್‌ನ್ಯಾಗ ಓದಾಕ ಬರವಲ್ದು. ಅದಕ್ಕೂ ಮೊದಲ ಕೈಲೇ ರಾಫ್ (ಮ್ಯಾನ್ ಪೇಜಿನ ಮೂಲ ಭಾಷಾ) ಬರದಿದ್ದೆ, ಒಂದು ಸಾಲು .ಬೆಲ್ಲರ್ಸಿ ಅನ್ನೋ ಫೈಲ್ ಹೆಸರಿನಿಂದ ಸುರು ಆಗಿತ್ತು, ಆ ಸಾಲ ಮಾಯ! ಎರರ್ ಇಲ್ಲ ಏನಿಲ್ಲ, ಒಂದು ಸಂಜಿ ಪೂರ್ತಿ ಅದನ್ನ ಹುಡಿಕೀನಿ. ನೀವೆಲ್ಲಾ ಏನ್ ಬಳಸ್ತೀರಿ?

ತಿಳಕವಾಡಿ_ಶೆಲ್, ಬೆಳಗಾವಿ:
ತಮ್ಮಾ, ಚುಕ್ಕಿಯಿಂದ ಸುರು ಆದ ಸಾಲು ಅಂದ್ರ ರಾಫ್‌ಗೆ ಮ್ಯಾಕ್ರೋ, ಅಂದ್ರ ಅಪ್ಪಣೆ, ತನಗ ಗೊತ್ತಿಲ್ಲದ ಮ್ಯಾಕ್ರೋ ಇದ್ರ ಸುಮ್ನ ನುಂಗಿಬಿಡ್ತೈತಿ. ಸಾಲಿನ ಮುಂದ \& ಹಾಕು, ಉಳೀತೈತಿ.
ನನ್ನ ಕೇಳಿದ್ರ ಎಂಡಾಕ್ ಕಲಿ, ಅದೂ ರಾಫ್‌ನ್ಯಾಗ ಬರಿಯೂ ಒಂದು ಮ್ಯಾಕ್ರೋ ಗುಂಪ. ಹಳೇ ಮ್ಯಾನ್ ಮ್ಯಾಕ್ರೋ 1979ರ ಯುನಿಕ್ಸ್ ಏಳನೇ ಆವೃತ್ತಿ ಕಾಲದ್ದು, ಅದರಾಗ ಇದು ದಪ್ಪ ಅಕ್ಷರ, ಇದು ಇಟಾಲಿಕ್ ಅಂತ ಅಷ್ಟ ಹೇಳಾಕ ಬರ್ತೈತಿ. ಎಂಡಾಕ್‌ನ್ಯಾಗ ಇದು ಆಪ್ಷನ್, ಇದು ಆರ್ಗ್ಯುಮೆಂಟ್, ಇದು ಫೈಲ್ ಅಂತ ಬರೀತಿ, ಹೆಂಗ ಕಾಣಬೇಕು ಅನ್ನೂದು ಟೂಲಿನ ಕೆಲಸ. ಅದನ್ನ ಓದೂ ಮ್ಯಾಂಡಾಕ್ ಅನ್ನೋ ಟೂಲ್ ಒಂದ ಹಾಕ್ಕೊ ಸಾಕು, ಅದ ಫೈಲಿನಿಂದ ಟರ್ಮಿನಲ್, ಎಚ್‌ಟಿಎಂಎಲ್, ಪಿಡಿಎಫ್ ಎಲ್ಲಾ ಕೊಡ್ತೈತಿ, ಲಿಂಟ್ ಹಚ್ಚಿದ್ರ ತಪ್ಪು ಯಾವ ಸಾಲಿನ್ಯಾಗ ಐತಿ ಅಂತನೂ ತೋರಸ್ತೈತಿ.

ಗುಮ್ಮಟದೂರು, ವಿಜಯಪುರ:
ಬೆಳಗಾವಿ ಅಣ್ಣಾರು ಹೇಳಿದ್ದು ಖರೇನ ಅದ, ಆದ್ರ ನಾಳೆ ಆ ಪೇಜ್ ತಿದ್ದವ್ರು ಯಾರು ಅನ್ನೂದನ್ನೂ ನೋಡ್ಬೇಕಲ್ರೀ. ನಮ್ಮಲ್ಲಿ ಎಂಡಾಕ್ ಇಟ್ಟಿದ್ವಿ, ನಾ ಒಬ್ನ ಬಿಟ್ರ ಯಾರೂ ಮುಟ್ಟಲಿಲ್ಲ, ಎರಡು ವರ್ಷ ಹಳೇ ಆಪ್ಷನ್ ಹಂಗ ಕುಂತಿದ್ವು. ಮಾರ್ಕ್‌ಡೌನ್ ಹಂಗ ಸಾದಾ ಟೆಕ್ಸ್ಟ್ ಇರೂ ಆಸ್ಕಿಡಾಕ್‌ಗೆ ಬಂದಮ್ಯಾಲ ಎಲ್ಲಾರೂ ತಿದ್ತಾರ. ಗಿಟ್‌ನ ಮ್ಯಾನ್ ಪೇಜ್ ಎಲ್ಲಾ ಆಸ್ಕಿಡಾಕ್‌ನ್ಯಾಗ ಬರದದ್ದ ಅದ. ಅದರಿಂದ ಮ್ಯಾನ್ ಪೇಜ್ ಮಾಡೂ ಆಸ್ಕಿಡಾಕ್ಟರ್ ಟೂಲಿಗೆ ರೂಬಿ ಭಾಷಾ ಹಾಕ್ಕೋಬೇಕು ಅದೊಂದು ತ್ರಾಸ. ಎಸ್‌ಸಿಡಾಕ್ ಅನ್ನೋ ಟೂಲ್ ಇನ್ನೂ ಹಗುರ, ಬರೇ ಸಿ ಭಾಷಾದಾಗ ಬರದದ್ದು, ಆದ್ರ ಅದು ಮ್ಯಾನ್ ಪೇಜ್ ಅಷ್ಟ ಕೊಡ್ತದ, ನಿಮಗ ಎಚ್‌ಟಿಎಂಎಲ್ ಬೇಕಲ್ಲ.
ಇನ್ನೊಂದು, ಕೈಲೇ ರಾಫ್ ಬರದ್ರ ಆಪ್ಷನ್ ಮುಂದ ಬರೇ - ಹೊಡೀಬ್ಯಾಡ್ರಿ, \- ಹಾಕ್ರಿ. ಕೆಲವು ಲಿನಕ್ಸ್ ಡಿಸ್ಟ್ರೋದಾಗ ಬರೇ ಹೈಫನ್ ಇದ್ರ ಯುನಿಕೋಡಿನ ಬ್ಯಾರೆ ಹೈಫನ್ ಆಗಿ ಬರ್ತದ, ಕಣ್ಣಿಗೆ ಒಂದ ನಮೂನಿ ಕಾಣತದ. ನನ್ನ ಗೆಳೆಯ ಮ್ಯಾನ್ ಪೇಜಿನಿಂದ ಕಾಪಿ ಮಾಡಿ ಶೆಲ್‌ನ್ಯಾಗ ಹಾಕ್ತಾನ, ಹಿಂತಾ ಆಪ್ಷನ್ನ ಇಲ್ಲ ಅಂತದ, ತಾಸುಗಟ್ಲೆ ಇಬ್ರೂ ಕೋಡ್ ನೋಡಕೋತ ಕುಂತಿದ್ವಿ. ಆಸ್ಕಿಡಾಕ್ಟರ್ ಇದನ್ನ ತಾನ ನೋಡ್ಕೋತದ.

ವಿದ್ಯಾಗಿರಿ_ಹುಡುಗ, ಬಾಗಲಕೋಟೆ:
ಭಾಳ ಉಪಕಾರ ಆತ್ರಿ ಇಬ್ರಿಗೂ. ಒಂದು ಕಮಾಂಡಿಂದು ಎರಡೂ ನಮೂನಿ ಬರದು ಅಂಗಡಿ ಹುಡುಗಗ ತೋರಿಸಿದೆ, ಎಂಡಾಕ್ ಫೈಲ್ ನೋಡಿ ಸುಮ್ನಾದ, ಆಸ್ಕಿಡಾಕ್ ಫೈಲಿನ್ಯಾಗ "ಪೆಂಟಿ" (ಬೆಲ್ಲದ ಗಟ್ಟಿ) ಅಂತ ಬರೀಬೇಕಾದಲ್ಲಿ ನಾ "ಪೆಟ್ಟಿ" ಅಂತ ಬರದದ್ದನ್ನ ತಾನ ತಿದ್ದಿದ. ಅದಕ್ಕ ಆಸ್ಕಿಡಾಕ್ ಹಿಡದೀನಿ. ಕಾನ್ಫಿಗ್ ಫೈಲಿಗೆ ಬ್ಯಾರೆ ಪೇಜ್ ಮಾಡಿದ್ರ ಮ್ಯಾನ್ ಪೇಜಿನ ಸೆಕ್ಷನ್ ನಂಬರ್ 5 ಹಾಕ್ಬೇಕಲ್ರೀ?

ತಿಳಕವಾಡಿ_ಶೆಲ್, ಬೆಳಗಾವಿ:
ಹೌದು, ಕಮಾಂಡ್‌ಗೆ 1, ಫೈಲ್ ಫಾರ್ಮ್ಯಾಟಿಗೆ 5. ಒಂದರಾಗ ಇನ್ನೊಂದರ ಹೆಸರು ಕೊನೀಗೆ ಹಾಕು, ಓದವ್ರಿಗೆ ದಾರಿ ಸಿಗ್ತೈತಿ.